ಪಾಸು ಇದ್ದವರ ಪಾಡು

ಹುಬ್ಬಳ್ಳಿ ದುಡಿಯುವ ಊರು, ಧಾರವಾಡ ಓದುವ ಊರು. ಎರಡೂ ಊರಿನವರಿಗೆ ಸಮನಾಗಿ ಬರುವ ವಿದ್ಯೆ ಮಾತ್ರ ಒಂದೇ, ಬಸ್ಸಿಗೆ ಕಾಯುವುದು! ಇಪ್ಪತ್ತು-ಇಪ್ಪತ್ತೆರಡು ಕಿಲೋಮೀಟರ್ ಅಂತರದ ಈ ಜೋಡಿ ಊರುಗಳ ನಡುವೆ ಬೆಳಗಾದರೆ ಸಾವಿರಾರು ಜನ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೊರಡುತ್ತಾರೆ. ಸಂಜೆಯಾದರೆ ಅಷ್ಟೇ ಜನ ಮರಳುತ್ತಾರೆ. ಇಲ್ಲಿನ ಮಾತಿನಲ್ಲಿ ಇದಕ್ಕೆ ‘ಅಪ್-ಡೌನ್ ಮಾಡುವುದು’ ಎಂದು ಹೆಸರು. “ಮಗ ಹಾಸ್ಟೆಲಿನ್ಯಾಗ ಅದಾನೇನ್ರಿ?” ಎಂದು ಕೇಳಿದರೆ, “ಇಲ್ರಿ, ಅಪ್-ಡೌನ್ ಮಾಡ್ತಾನ” ಎಂಬ ಉತ್ತರ ಬರುತ್ತದೆ. ಆ ಎರಡು ಪದಗಳಲ್ಲಿ ಮನೆಯ ಹಣಕಾಸು, ಹುಡುಗನ ಓದು, ಅವ್ವ ಬೆಳಿಗ್ಗೆ ಎಷ್ಟಕ್ಕೆ ಎದ್ದು ರೊಟ್ಟಿ ಬಡಿಯುತ್ತಾಳೆ ಎಂಬುದು ಎಲ್ಲವೂ ಅಡಗಿರುತ್ತದೆ.

ಹೀಗೆ ಅಪ್-ಡೌನ್ ಮಾಡುವವರ ಕಿಸೆಯಲ್ಲಿ ಇರುವ ಬಲು ಮುಖ್ಯವಾದ ವಸ್ತು ಪಾಸು. ವಿದ್ಯಾರ್ಥಿಗಳ ಬಸ್ ಪಾಸು, ನೌಕರರ ತಿಂಗಳ ಪಾಸು, ರೈಲಿನ ಸೀಸನ್ ಟಿಕೆಟು, ಇತ್ತೀಚಿನ ಸ್ಮಾರ್ಟ್ ಕಾರ್ಡು, ಹೀಗೆ ರೂಪ ಹಲವು. ಒಳಗಿನ ಮಾತು ಒಂದೇ. ‘ಮುಂಗಡ ಹಣ ಕೊಡುತ್ತೇನೆ, ದಿನಾ ಬರುತ್ತೇನೆ. ನನಗೆ ಸ್ವಲ್ಪ ಕಡಿಮೆ ದರ, ಸ್ವಲ್ಪ ಭರವಸೆ ಕೊಡು’ ಎಂಬ ಒಪ್ಪಂದ ಅದು. ದಿನಾ ಬರುವವನು ತನ್ನ ಪಾಲನ್ನು ತಪ್ಪದೆ ನಡೆಸಿದ್ದಾನೆ. ಎದುರಿನ ಪಾಲು ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ ಎಂಬುದು ಅವನ ದೂರು.

ಒಂದು ರಸ್ತೆಯ ಎರಡು ತುದಿ

ಈ ದೂರು ಅರ್ಥವಾಗಬೇಕಾದರೆ ರಸ್ತೆಯನ್ನು ಒಮ್ಮೆ ನೋಡಬೇಕು. ಹುಬ್ಬಳ್ಳಿಯ ಕಿತ್ತೂರು ಚೆನ್ನಮ್ಮ ವೃತ್ತದಿಂದ ಹೊರಟರೆ ಹೊಸೂರು ದಾಟಿ ವಿದ್ಯಾನಗರ ಸಿಗುತ್ತದೆ. ಹೆಸರಿಗೆ ತಕ್ಕಂತೆ ಕಾಲೇಜುಗಳ ಬಡಾವಣೆ ಇದು. 1947ರಲ್ಲಿ ಆರಂಭವಾಗಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಭಾಗವಾಗಿರುವ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಇದೆ. ಎಲ್ಲರ ಬಾಯಲ್ಲಿ ಇಂದಿಗೂ ಕಿಮ್ಸ್ ಎಂದೇ ಉಳಿದಿರುವ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೂ ಇದೇ ದಾರಿಯಲ್ಲಿದೆ. ಮುಂದೆ ಉಣಕಲ್ಲು. ಬಸ್ಸಿನ ಕಿಟಕಿಯಿಂದ ಕೆರೆ ಕಾಣುತ್ತದೆ. ಊರ ಒಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದ್ದು, ದಿನಾ ಈ ದಾರಿಯಲ್ಲಿ ಹೋಗುವವರಲ್ಲಿ ಅದನ್ನು ಇಳಿದು ನೋಡಿದವರು ಎಷ್ಟು ಮಂದಿಯೋ! ಅಪ್-ಡೌನ್ ಮಾಡುವವನಿಗೆ ದಾರಿ ಗೊತ್ತು, ದಾರಿಯ ಬದಿಯ ಊರು ಗೊತ್ತಿರುವುದಿಲ್ಲ.

ಭೈರಿದೇವರಕೊಪ್ಪ, ಅಮರಗೋಳದ ವಿಶಾಲವಾದ ಎಪಿಎಂಸಿ ಪ್ರಾಂಗಣ, ಎರಡೂ ಊರುಗಳ ನಡುವೆ ಬೆಳೆದ ನವನಗರ, 2009ರಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ, ರಾಯಾಪುರ, ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜಿನಿಂದ ಹೆಸರಾದ ಸತ್ತೂರು, ಪೇರಲ ಹಣ್ಣಿಗೆ ಹೆಸರಾದ ನವಲೂರು. ಇವೆಲ್ಲ ದಾಟಿದ ಮೇಲೆ ಟೋಲ್ ನಾಕಾ, ಅಲ್ಲಿಂದ ಜ್ಯುಬಿಲಿ ಸರ್ಕಲ್. ಅಲ್ಲಿಗೆ ಬಂದರೆ ಧಾರವಾಡ ಮುಟ್ಟಿದ ಹಾಗೆ. 1917ರ ಕರ್ನಾಟಕ ಕಾಲೇಜು, 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, ಸಪ್ತಾಪುರದ ಗಲ್ಲಿ ಗಲ್ಲಿಯಲ್ಲಿ ಕೋಚಿಂಗ್ ಕ್ಲಾಸುಗಳು. ಓದಿಗೆ ಸಂಬಂಧಪಟ್ಟ ಇಷ್ಟೊಂದು ಬಾಗಿಲುಗಳು ಒಂದೇ ರಸ್ತೆಯ ಗುಂಟ ತೆರೆದಿರುವುದು ಅಪರೂಪ.

ಎರಡೂ ಊರುಗಳು 1962ರಲ್ಲಿ ಒಂದೇ ಮಹಾನಗರ ಪಾಲಿಕೆಯ ಅಡಿ ಬಂದವು. ಕಾಗದದ ಮೇಲೆ ಆದ ಆ ಮದುವೆಯನ್ನು ಇಷ್ಟು ವರ್ಷ ನಿಭಾಯಿಸಿಕೊಂಡು ಬಂದದ್ದು ಬಸ್ಸು ಮತ್ತು ರೈಲು ಎಂದರೆ ತಪ್ಪಾಗದು. ರೈಲು ಮೊದಲು ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಭಾಗಕ್ಕೆ ಹಳಿ ಹಾಸಿತು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಯಾಗಾರ ಬೆಳೆಯಿತು. ಬಸ್ಸಿನ ಕತೆಗೂ ಹುಬ್ಬಳ್ಳಿಯೇ ಕೇಂದ್ರ. 1997ರ ನವೆಂಬರಿನಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾದಾಗ ಅದರ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ನೆಲೆಗೊಂಡಿತು. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲಿಗೇ ಬಂತು. ವರಕವಿ ಬೇಂದ್ರೆಯವರ ಹೆಸರು ಹೊತ್ತ ಖಾಸಗಿ ಬಸ್ಸುಗಳೂ ಇದೇ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದವು. ಬಸ್ಸು-ರೈಲು ಎರಡರ ದೊಡ್ಡ ಕಚೇರಿಗಳೂ ತಮ್ಮ ಬಾಗಿಲಲ್ಲೇ ಇವೆ ಎಂಬುದು ಇಲ್ಲಿನವರ ಹೆಮ್ಮೆ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ನೆನಪಾಗುವುದೂ ಇಲ್ಲಿಯೇ.

ಚಿಗರಿ ಓಡಿ ಬಂದಾಗ

2018ರ ಅಕ್ಟೋಬರಿನಲ್ಲಿ ಈ ರಸ್ತೆಗೆ ಹೊಸ ಅತಿಥಿ ಬಂತು. ರಸ್ತೆಯ ನಡುವೆ ಬಸ್ಸಿಗೆಂದೇ ಪ್ರತ್ಯೇಕ ಪಥ, ಎತ್ತರದ ಕಟ್ಟೆಯ ನಿಲ್ದಾಣ, ಒಳಗೆ ಹೋಗುವ ಮೊದಲೇ ಟಿಕೆಟು, ತಾನಾಗಿ ತೆರೆಯುವ ಗಾಜಿನ ಬಾಗಿಲು, ಹವಾನಿಯಂತ್ರಿತ ವೋಲ್ವೊ ಬಸ್ಸು. ಬಿಆರ್‌ಟಿಎಸ್ ಎಂಬ ಬಾಯಿಗೆ ಒಗ್ಗದ ಹೆಸರನ್ನು ಜನ ಮರೆತರು, ಬಸ್ಸಿಗೆ ಇಟ್ಟ ‘ಚಿಗರಿ’ ಎಂಬ ಹೆಸರನ್ನು ಹಿಡಿದರು. ಚಿಗರಿ ಎಂದರೆ ಕೃಷ್ಣಮೃಗ. ಈ ಭಾಗದ ಎರೆಹೊಲಗಳಲ್ಲಿ ನೆಗೆಯುವ ಪ್ರಾಣಿ. 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಇದನ್ನು ವಿಧಿವತ್ತಾಗಿ ಉದ್ಘಾಟಿಸಿದರು.

ನಿತ್ಯ ಪ್ರಯಾಣಿಕರಿಗೆ ಇದರಿಂದ ಆದ ದೊಡ್ಡ ಲಾಭ ತಂಪು ಗಾಳಿಯಲ್ಲ, ಸಮಯ. ನಿಲ್ದಾಣಗಳ ಬಳಿ ಒಂದು ಬಸ್ಸು ಇನ್ನೊಂದನ್ನು ದಾಟಿ ಹೋಗಲು ಜಾಗ ಬಿಟ್ಟಿದ್ದರಿಂದ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಬಸ್ಸಿನ ಜೊತೆಗೆ ನಡುವೆ ನಿಲ್ಲದ ವೇಗದ ಬಸ್ಸುಗಳೂ ಓಡಿದವು. ಮೊದಲು ಒಂದು ತಾಸು ಹಿಡಿಯುತ್ತಿದ್ದ ದಾರಿ ಮುಕ್ಕಾಲು ತಾಸಿನ ಒಳಗೆ ಮುಗಿಯುತ್ತಿತ್ತು. ಟಿಕೆಟಿಗಾಗಿ ಕಂಡಕ್ಟರನನ್ನು ಹುಡುಕುವುದು, ಚಿಲ್ಲರೆಗಾಗಿ ಜಗಳ ಆಡುವುದು ತಪ್ಪಿತು. ಬೈಕು ಮನೆಯಲ್ಲಿ ಬಿಟ್ಟು ಚಿಗರಿ ಹತ್ತಿದವರೂ ಇದ್ದರು. ಹೊಸ ವ್ಯವಸ್ಥೆಯೊಂದು ಊರಿನ ಮನಸ್ಸು ಗೆಲ್ಲುವುದು ಹೀಗೆಯೇ.

ಆದರೆ ಗೆದ್ದ ಮನಸ್ಸನ್ನು ಉಳಿಸಿಕೊಳ್ಳುವುದು ಗೆಲ್ಲುವುದಕ್ಕಿಂತ ಕಷ್ಟ. ಬಸ್ಸುಗಳಿಗೆ ವಯಸ್ಸಾಯಿತು. ದುಬಾರಿ ಬಸ್ಸಿನ ಬಿಡಿಭಾಗವೂ ದುಬಾರಿ. ನಿಲ್ದಾಣದ ಗಾಜಿನ ಬಾಗಿಲುಗಳು ಕೆಟ್ಟು ನಿಂತವು, ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಸುದ್ದಿ ಪತ್ರಿಕೆಗಳಲ್ಲಿ ಸಾಮಾನ್ಯವಾಯಿತು. ಜೋರು ಮಳೆ ಬಂದರೆ ಟೋಲ್ ನಾಕಾ ಬಳಿ ನೀರು ನಿಂತು ಚಿಗರಿ ಈಜಬೇಕಾದ ದಿನಗಳೂ ಬಂದವು. ಬಸ್ಸಿಗೆ ಪ್ರತ್ಯೇಕ ಪಥ ಬೇಕೇ, ಅದನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಬೇಕೇ ಎಂಬ ವಾದ ಎದ್ದಿತು. ಇದರ ಬದಲು ವಿದ್ಯುತ್ತಿನಿಂದ ಓಡುವ ಬೇರೆ ಬಗೆಯ ಸಾರಿಗೆ ತರುವ ಮಾತೂ ಕೇಳಿಬಂತು. ಹೊಸದು ಬರಲಿ, ಬೇಡವೆನ್ನುವವರು ಯಾರು? ಆದರೆ ಬಂದದ್ದನ್ನು ಆರೈಕೆ ಮಾಡದೆ ಹೊಸದರ ಕನಸು ಕಂಡರೆ, ನಾಳೆಯ ಹೊಸದಕ್ಕೂ ಇದೇ ಗತಿಯಲ್ಲವೇ ಎಂದು ದಿನಾ ನಿಂತು ಕಾಯುವವನು ಕೇಳುತ್ತಾನೆ.

ಕಾಯುವವರನ್ನು ಅತಿಯಾಗಿ ಕಾಡುವ ಒಂದು ಸಂಗತಿಗೆ ಕಾರಣ ಸ್ವಾರಸ್ಯಕರವಾಗಿದೆ. ಅರ್ಧ ತಾಸು ಒಂದೂ ಬಸ್ಸು ಇರುವುದಿಲ್ಲ. ಬಂದರೆ ಮೂರು ಒಟ್ಟಿಗೆ ಬರುತ್ತವೆ. ‘ಡ್ರೈವರುಗಳು ಕೂಡಿ ಚಹಾ ಕುಡಿದು ಬಂದಾರ’ ಎಂದು ಜನ ನಗುತ್ತಾರೆ. ನಿಜವಾಗಿ ಆಗುವುದು ಬೇರೆ. ಮುಂದಿನ ಬಸ್ಸು ಯಾವುದೋ ಕಾರಣಕ್ಕೆ ಐದು ನಿಮಿಷ ತಡವಾಯಿತು ಎನ್ನಿ. ಅಷ್ಟರಲ್ಲಿ ನಿಲ್ದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡ. ಅದರ ಹಿಂದಿನ ಬಸ್ಸಿಗೆ ಹತ್ತುವವರೇ ಕಡಿಮೆ, ಹೀಗಾಗಿ ಅದು ಬೇಗ ಬೇಗ ಬಂದು ಮುಂದಿನದರ ಬೆನ್ನು ಹತ್ತುತ್ತದೆ. ಕೊನೆಗೆ ಮುಂದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದು ಅರ್ಧ ಖಾಲಿ. ಯಾರಾದರೂ ಕುಳಿತು ಬಸ್ಸುಗಳ ನಡುವಿನ ಅಂತರವನ್ನು ನಿಮಿಷ ನಿಮಿಷಕ್ಕೂ ಸರಿಪಡಿಸುತ್ತಿದ್ದರೆ ಮಾತ್ರ ಇದು ತಪ್ಪುತ್ತದೆ. ಹೊಸ ಬಸ್ಸು ಕೊಳ್ಳುವಷ್ಟು ದೊಡ್ಡ ಖರ್ಚು ಇದಕ್ಕೆ ಬೇಡ.

ಸವಲತ್ತು ಸವೆದ ಬಗೆ

ರೈಲಿನ ಕಡೆ ಹೋದವರ ಕತೆಯೂ ಹೀಗೆಯೇ. ಹುಬ್ಬಳ್ಳಿ-ಧಾರವಾಡದ ನಡುವೆ ಉಣಕಲ್ಲು, ಅಮರಗೋಳ, ನವಲೂರು ಎಂಬ ಚಿಕ್ಕ ನಿಲ್ದಾಣಗಳಿವೆ. ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ ಹತ್ತು ರೂಪಾಯಿ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಾಡಿಗಳು ನಿಂತವು. ಮತ್ತೆ ಹೊರಟಾಗ ದೇಶದ ತುಂಬ ಅವೇ ಪ್ಯಾಸೆಂಜರ್ ಗಾಡಿಗಳಿಗೆ ‘ಎಕ್ಸ್‌ಪ್ರೆಸ್ ಸ್ಪೆಷಲ್’ ಎಂಬ ಹೆಸರು ಬಂದಿತ್ತು. ನಿಲ್ಲುವ ನಿಲ್ದಾಣ ಅವೇ, ವೇಗ ಅದೇ, ಕನಿಷ್ಠ ದರ ಮಾತ್ರ ಮೂವತ್ತು ರೂಪಾಯಿ! ಹಳೆಯ ಎತ್ತಿಗೆ ಹೊಸ ಗೆಜ್ಜೆ ಕಟ್ಟಿ ಬೆಲೆ ಏರಿಸಿದ ಹಾಗಾಯಿತು. ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯ ಕೊನೆಯಲ್ಲಿ. ಸೀಸನ್ ಟಿಕೆಟು ಕೂಡ ಕೊರೊನಾ ಕಾಲದಲ್ಲಿ ನಿಂತು, ಆಮೇಲೆ ಒಂದೊಂದೇ ಗಾಡಿಗೆ ನಿಧಾನವಾಗಿ ಮರಳಿತು. ಅಷ್ಟರಲ್ಲಿ ಎಷ್ಟೋ ಜನ ರೈಲಿನ ದಾರಿ ಮರೆತಿದ್ದರು.

ಹಿರಿಯರಿಗೆ ಆದ ನಷ್ಟ ಇನ್ನೂ ತುಂಬಿಲ್ಲ. ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇಕಡ 40, 58 ದಾಟಿದ ಹೆಂಗಸರಿಗೆ ಶೇಕಡ 50 ರಿಯಾಯಿತಿ ಇತ್ತು. 2020ರ ಮಾರ್ಚ್ 20ರಿಂದ ಅದನ್ನು ನಿಲ್ಲಿಸಲಾಯಿತು. ಗಾಡಿಗಳು ಮರಳಿದವು, ರಿಯಾಯಿತಿ ಮರಳಲಿಲ್ಲ. ಮೂವತ್ತು ವರ್ಷ ಟಿಕೆಟು ಕೊಂಡು ಓಡಾಡಿದವರಿಗೆ, ಇನ್ನೇನು ತಮ್ಮ ಸರದಿ ಬಂತು ಎನ್ನುವಾಗ ಬಾಗಿಲು ಹಾಕಿದ ಅನುಭವ ಇದು.

ಬಸ್ಸಿನಲ್ಲಿ ಲೆಕ್ಕ ಬೇರೆ ರೀತಿ. 2020ರ ಫೆಬ್ರುವರಿಯಲ್ಲಿ ಶೇಕಡ 12, ಮತ್ತೆ 2025ರ ಜನವರಿಯಲ್ಲಿ ಶೇಕಡ 15 ದರ ಏರಿತು. ಇನ್ನೊಂದು ಕಡೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಇದನ್ನು ಸಣ್ಣ ಸಂಗತಿ ಎನ್ನಲಾಗದು. ಕಲಘಟಗಿ, ಕುಂದಗೋಳ, ನವಲಗುಂದ ಕಡೆಯ ಹಳ್ಳಿಯ ಹುಡುಗಿಗೆ ಧಾರವಾಡದ ಕಾಲೇಜು ಒಮ್ಮೆಗೇ ಹತ್ತಿರವಾಯಿತು. ಆದರೆ ಸವಲತ್ತು ಹಿಗ್ಗಿದಷ್ಟು ಬಸ್ಸು ಹಿಗ್ಗಲಿಲ್ಲ. ಉಚಿತ ಟಿಕೆಟು ಕೈಯಲ್ಲಿದ್ದು ಬಾಗಿಲಲ್ಲಿ ಜೋತು ಬೀಳಬೇಕಾದರೆ, ಹುಡುಗಿಗೂ ಸುಖವಿಲ್ಲ, ಹಣ ಕೊಟ್ಟು ಪಾಸು ಮಾಡಿಸಿದ ಹುಡುಗನಿಗೂ ಸುಖವಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಸಿಟ್ಟಾಗುತ್ತಾರೆ. ಸಿಟ್ಟಾಗಬೇಕಾದದ್ದು ಬಸ್ಸಿನ ಸಂಖ್ಯೆಯ ಮೇಲೆ.

ದೂರದ ದೇಶದ ಇದೇ ಕತೆ

ಇದು ಬರೀ ನಮ್ಮ ಊರಿನ ಗೋಳಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ವಿಹಾರ ಹೋಗುವ ಶ್ರೀಮಂತ ದೇಶದವರೂ ಇದನ್ನೇ ಹೇಳುತ್ತಾರೆ. ಒಂದೇ ಕಂಪನಿಯ ಹಡಗು ಹತ್ತಾರು ಸಲ ಹತ್ತಿದವರಿಗೆ ಬಂಗಾರ, ವಜ್ರ ಎಂದು ದರ್ಜೆ ಕೊಡುತ್ತಾರೆ. ಆ ದರ್ಜೆಗೆ ಏರಿದವರ ಸಂಖ್ಯೆ ಬೆಳೆದಂತೆ ಸಿಗುವ ಉಪಚಾರ ಒಂದೊಂದೇ ಕಡಿಮೆಯಾಗುತ್ತದೆ ಎಂಬುದು ಅವರ ಅಳಲು.

ವಿಮಾನದ್ದು ಇನ್ನೂ ಸೋಜಿಗದ ಕತೆ. ಅಮೆರಿಕನ್ ಏರ್‌ಲೈನ್ಸ್ ಕಂಪನಿ 1981ರಲ್ಲಿ ಎರಡೂವರೆ ಲಕ್ಷ ಡಾಲರಿಗೆ ಜೀವಮಾನದ ಪಾಸು ಮಾರಿತು. ಕೊಂಡವರು ಸಾಯುವ ತನಕ, ಎಲ್ಲಿಗೆ ಬೇಕಾದರೂ, ಎಷ್ಟು ಸಲ ಬೇಕಾದರೂ ಮೊದಲ ದರ್ಜೆಯಲ್ಲಿ ಹಾರಬಹುದಿತ್ತು. ಕೆಲವರು ನಿಜವಾಗಿಯೂ ಸಾವಿರಾರು ಸಲ ಹಾರಿದರು! ಕಂಪನಿಗೆ ನಷ್ಟದ ಲೆಕ್ಕ ಕಂಡಿತು. ಬೆಲೆ ಏರಿಸಿತು, 1994ರಲ್ಲಿ ಮಾರಾಟ ನಿಲ್ಲಿಸಿತು. 2008ರಲ್ಲಿ, ನಿಯಮ ಮುರಿದಿದ್ದಾರೆ ಎಂದು ಆರೋಪಿಸಿ ಕೆಲವರ ಪಾಸನ್ನೇ ರದ್ದು ಮಾಡಿತು. ವಿಷಯ ಕೋರ್ಟಿನವರೆಗೆ ಹೋಯಿತು. ನಿಷ್ಠೆಯ ಗಿರಾಕಿ ಬೇಕು, ಆದರೆ ಅವನು ಕೊಟ್ಟ ಮಾತನ್ನು ಪೂರ್ತಿ ವಸೂಲು ಮಾಡಿಕೊಳ್ಳಬಾರದು! ಅಮೆರಿಕದ ವಿಮಾನಕ್ಕೂ ನಮ್ಮ ಬಸ್ಸಿಗೂ ಅಜಗಜಾಂತರವಿರಬಹುದು. ಕೊಟ್ಟ ಮಾತು ಸವೆಯುವ ಬಗೆ ಮಾತ್ರ ಎರಡು ಕಡೆಯೂ ಒಂದೇ.

ಆದರೂ ಒಂದು ವ್ಯತ್ಯಾಸವಿದೆ, ಅದೇ ಇಲ್ಲಿ ಮುಖ್ಯವಾದದ್ದು. ಹಡಗಿನ ವಿಹಾರಿ ಬೇಸತ್ತರೆ ಮುಂದಿನ ವರ್ಷ ಬೇರೆ ಹಡಗು ಹತ್ತುತ್ತಾನೆ. ಪಿಯುಸಿ ಓದುವ ಹುಡುಗನಿಗೆ ಮುಂದಿನ ವರ್ಷ ಎಂಬುದಿಲ್ಲ. ಎಂಟೂವರೆಯ ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ಹೋಯಿತು. ವಾರಕ್ಕೆ ಎರಡು ಸಲ ತಪ್ಪಿದರೆ ಹಾಜರಿ ಹೋಯಿತು. ಪ್ರಾಯೋಗಿಕ ಪರೀಕ್ಷೆಯ ದಿನ ತಪ್ಪಿದರೆ ಹೋಗುವುದು ಏನೆಂದು ಬರೆಯಬೇಕಾಗಿಲ್ಲ.

ಪಾಸು ದಾನವಲ್ಲ

ರಿಯಾಯಿತಿ ಪಾಸು ಎಂದರೆ ಸಂಸ್ಥೆ ಮಾಡುವ ಉಪಕಾರ ಎಂಬ ಭಾವನೆ ಹಲವರಲ್ಲಿದೆ. ಕಿಕ್ಕಿರಿದ ಬಸ್ಸಿನಲ್ಲಿ ‘ಪಾಸಿನವರು ಹಿಂದ ಸರೀರಿ’ ಎಂಬ ದನಿಯಲ್ಲೇ ಆ ಭಾವನೆ ಕೇಳಿಸುತ್ತದೆ. ಲೆಕ್ಕ ಹಾಗಿಲ್ಲ. 2023ರ ಸುಮಾರಿಗೆ ಹತ್ತು ತಿಂಗಳ ವಿದ್ಯಾರ್ಥಿ ಪಾಸಿಗೆ ಸಾಮಾನ್ಯ ವರ್ಗದ ಪಿಯುಸಿ, ಪದವಿ ವಿದ್ಯಾರ್ಥಿ ಕೊಡುತ್ತಿದ್ದದ್ದು 1,050 ರೂಪಾಯಿ, ವೃತ್ತಿಪರ ಕೋರ್ಸಿನವರು 1,550. ಕಡಿಮೆಯೇ, ಒಪ್ಪೋಣ. ಆದರೆ ಉಳಿದ ಭಾರದ ಒಂದು ಪಾಲು ಸರ್ಕಾರದಿಂದ, ಅಂದರೆ ಅದೇ ವಿದ್ಯಾರ್ಥಿಯ ತಂದೆ-ತಾಯಿ ಕಟ್ಟುವ ತೆರಿಗೆಯಿಂದ ಬರುತ್ತದೆ. ಆ ಹಣ ಸಂಸ್ಥೆಗೆ ಸಕಾಲಕ್ಕೆ ತಲುಪದಿದ್ದರೆ ಸಂಸ್ಥೆಗೆ ಪಾಸಿನವನು ಹೊರೆಯಾಗಿ ಕಾಣುತ್ತಾನೆ. ತಪ್ಪು ಅವನದಲ್ಲ.

ಇನ್ನೊಂದು ಲೆಕ್ಕವೂ ಇದೆ. ಬೇರೆ ಊರುಗಳಲ್ಲಿ ಬೆಳಿಗ್ಗೆ ಬಸ್ಸು ಒಂದು ದಿಕ್ಕಿಗೆ ತುಂಬಿ ಹೋಗಿ ಖಾಲಿ ಮರಳುತ್ತದೆ. ಇಲ್ಲಿ ಓದುವವರು ಧಾರವಾಡದ ಕಡೆ, ದುಡಿಯುವವರು ಹುಬ್ಬಳ್ಳಿಯ ಕಡೆ. ಜಿಲ್ಲಾ ಕಚೇರಿಯ ಕೆಲಸದವರು ಆ ಕಡೆ, ಆಸ್ಪತ್ರೆ, ಸಂತೆ, ಮಾರುಕಟ್ಟೆಯವರು ಈ ಕಡೆ. ಎರಡೂ ದಿಕ್ಕಿಗೆ ಜನ ಸಿಗುವ ಇಂಥ ರಸ್ತೆ ಯಾವ ಸಾರಿಗೆ ಸಂಸ್ಥೆಗಾದರೂ ಭಾಗ್ಯವೇ. ಆ ಭಾಗ್ಯದ ಬುನಾದಿ ದಿನಾ ಬರುವ ಪಾಸಿನವನು. ಮಳೆಯಿರಲಿ, ಬಿಸಿಲಿರಲಿ, ಅವನು ಬಂದೇ ಬರುತ್ತಾನೆ.

ಅವನು ಬರುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ನೋಡಲು ರಸ್ತೆಯ ಬದಿಗೆ ನಿಂತರೆ ಸಾಕು. ಬೇಸತ್ತ ನೌಕರ ಬೈಕು ಕೊಳ್ಳುತ್ತಾನೆ. ಬೈಕು ಹೆಚ್ಚಾದಂತೆ ರಸ್ತೆ ಕಟ್ಟುತ್ತದೆ. ಆಗ ‘ಬಸ್ಸಿನ ಪಥ ನಮಗೆ ಬಿಡಿ’ ಎಂಬ ಕೂಗು ಏಳುತ್ತದೆ. ಪಥ ಬಿಟ್ಟರೆ ಬಸ್ಸು ಇನ್ನೂ ನಿಧಾನ, ಇನ್ನಷ್ಟು ಜನ ಬೈಕಿಗೆ. ಹಗ್ಗ ಹೀಗೆ ತಾನೇ ಬಿಗಿಯುತ್ತಾ ಹೋಗುತ್ತದೆ.

ಮನೆಯಲ್ಲಿ ನಡೆಯುವ ಮಾತು

ಜೂನ್ ಬಂತೆಂದರೆ ಅನೇಕ ಮನೆಗಳಲ್ಲಿ ಈ ಚರ್ಚೆ ಇದ್ದದ್ದೇ. “ಪಪ್ಪಾ, ಬಸ್ಸಿನ್ಯಾಗ ನಿಂತು ನಿಂತು ಸಾಕಾಗೇದ, ಗಾಡಿ ಕೊಡಸ್ರಿ” ಎಂದು ಮಗ. “ಆ ರಸ್ತೆಯೊಳಗ ಗಾಡಿ ಬ್ಯಾಡಪ್ಪಾ” ಎಂದು ತಾಯಿ. ತಂದೆ ನಡುವೆ. ಇಂಥ ಹೊತ್ತಿನಲ್ಲಿ ಕೆಲವು ಸಂಗತಿ ತಿಳಿದಿರುವುದು ಒಳ್ಳೆಯದು. ಹದಿನೆಂಟು ತುಂಬದವರು ಸಾಮಾನ್ಯ ಬೈಕು, ಸ್ಕೂಟರು ಓಡಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು.

ರೈಲಿನ ಕಡೆ ನೋಡದವರು ಅದನ್ನೂ ಒಮ್ಮೆ ನೋಡಬೇಕು. ತಿಂಗಳ ಸೀಸನ್ ಟಿಕೆಟಿನ ಬೆಲೆ ಸುಮಾರು ಹದಿನೈದು ಒಂಟಿ ಪ್ರಯಾಣದ ದರದಷ್ಟು. ಅಂದರೆ ವಾರವೊಂದಕ್ಕಿಂತ ಸ್ವಲ್ಪ ಹೆಚ್ಚು ದಿನ ಹೋಗಿ ಬಂದರೆ ಹಣ ಹುಟ್ಟಿತು, ಉಳಿದ ದಿನಗಳೆಲ್ಲ ಲಾಭ. ಮನೆಯಿಂದ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟು ಉಚಿತವಾಗಿ ಸಿಗುವ ನಿಯಮವಿದೆ. ಶಾಲೆ-ಕಾಲೇಜಿನ ಪ್ರಮಾಣಪತ್ರ ಬೇಕು, ಅಷ್ಟೇ. ಕೇಳುವವರಿಲ್ಲದ ಸವಲತ್ತು ಸದ್ದಿಲ್ಲದೆ ಮಾಯವಾಗುತ್ತದೆ. ಆದ್ದರಿಂದ ಇರುವುದನ್ನು ಕೇಳಿ ಪಡೆಯುವುದೂ ಒಂದು ಬಗೆಯ ಕಾಪಾಡುವಿಕೆಯೇ.

ಬಸ್ ಪಾಸು ಮಾಡಿಸುವಾಗಲೂ ಅಷ್ಟೇ. ಪಾಸಿನ ಮೇಲೆ ಬರೆದ ಮಾರ್ಗ ಯಾವುದು, ಯಾವ ಬಗೆಯ ಬಸ್ಸಿಗೆ ನಡೆಯುತ್ತದೆ, ಅವಧಿ ಎಂದು ಮುಗಿಯುತ್ತದೆ ಎಂಬ ಮೂರು ಪ್ರಶ್ನೆ ಮೊದಲೇ ಕೇಳಿಕೊಂಡರೆ ಜುಲೈ ತಿಂಗಳಲ್ಲಿ ಕಂಡಕ್ಟರನ ಜೊತೆ ವಾದ ತಪ್ಪುತ್ತದೆ. ಬಸ್ಸು ಬಾರದ ದಿನದ ದೂರನ್ನು ಕಟ್ಟೆಯ ಮೇಲೆ ಹಂಚಿಕೊಂಡು ಸುಮ್ಮನಾಗುವ ಬದಲು ದಿನಾಂಕ, ಸಮಯ, ನಿಲ್ದಾಣ ಬರೆದು, ಕಾಲೇಜಿನ ಮೂಲಕ ಡಿಪೋಗೆ ಕೊಟ್ಟರೆ ಅದಕ್ಕೆ ತೂಕ ಬರುತ್ತದೆ. ಒಬ್ಬರ ಗೊಣಗಾಟಕ್ಕೆ ಇಲ್ಲದ ಬಲ ನಲವತ್ತು ಜನರ ಸಹಿಗೆ ಇರುತ್ತದೆ.

ನಿಷ್ಠೆಯ ಪ್ರಯಾಣಿಕ ಕೇಳುವುದು ಬಂಗಾರದ ದರ್ಜೆಯನ್ನಲ್ಲ. ಹೇಳಿದ ಹೊತ್ತಿಗೆ ಬಸ್ಸು, ಕಾಲೂರಲು ಜಾಗ, ಏನಾದರೂ ಬದಲಾದರೆ ಒಂದು ದಿನ ಮೊದಲು ಒಂದು ಮಾತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪಾಲಿಕೆಗಳು ಎರಡಾದರೂ ಹುಬ್ಬಳ್ಳಿಯ ಹುಡುಗಿ ಧಾರವಾಡದಲ್ಲಿ ಓದುವುದು ನಿಲ್ಲದು, ಧಾರವಾಡದ ತಂದೆ ಹುಬ್ಬಳ್ಳಿಯಲ್ಲಿ ದುಡಿಯುವುದು ತಪ್ಪದು. ಕಾಗದದ ಮೇಲೆ ಊರುಗಳು ಬೇರೆಯಾಗುವ ಹೊತ್ತಿಗೆ ಅವನ್ನು ಹಿಡಿದಿಡಬೇಕಾದ ಬಸ್ಸಿನ ಹೊಣೆ ಇನ್ನೂ ಹೆಚ್ಚುತ್ತದೆ. ಆ ಹೊಣೆ ಎಷ್ಟರಮಟ್ಟಿಗೆ ನಡೆಯುತ್ತಿದೆ ಎಂದು ತಿಳಿಯಲು ದೊಡ್ಡ ವರದಿ ಬೇಕಿಲ್ಲ. ಬೆಳಿಗ್ಗೆ ಎಂಟೂವರೆಗೆ ಉಣಕಲ್ಲಿನ ನಿಲ್ದಾಣದಲ್ಲಿ ಎಷ್ಟು ಮಕ್ಕಳು ಬಸ್ಸು ಹತ್ತಿದರು, ಎಷ್ಟು ಮಕ್ಕಳು ಉಳಿದರು ಎಂದು ಎಣಿಸಿದರೆ ಸಾಕು.